ಹೇಮಾವತಿಯ ತಳದಲ್ಲಿ ನಮ್ಮ ಕೇರಿ

ಹಾಸನದಿಂದ ಗೊರೂರಿನ ಕಡೆಗೆ ಹೊರಟರೆ ಶೆಟ್ಟಿಹಳ್ಳಿ ಸಿಗುತ್ತದೆ. ಅದರಾಚೆ ಹೇಮಾವತಿಯ ಹಿನ್ನೀರು. ಹಿನ್ನೀರಿನಲ್ಲಿ ಒಂದು ಮುರುಕು ಚರ್ಚು. ಸೂರು ಇಲ್ಲ, ಬಾಗಿಲಿಲ್ಲ, ಗಂಟೆ ಇಲ್ಲ. ಮಳೆಗಾಲದಲ್ಲಿ ಅಣೆಕಟ್ಟು ತುಂಬಿತೆಂದರೆ ಕಮಾನುಗಳ ಕತ್ತಿನವರೆಗೂ ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಇಳಿದರೆ ಬುಡದವರೆಗೂ ನಡೆದುಕೊಂಡೇ ಹೋಗಬಹುದು. ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಮದುವೆ ಆಗಲಿರುವ ಗಂಡು ಹೆಣ್ಣು ಕಮಾನಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. 'ಮುಳುಗುವ ಚರ್ಚು' ಅಂತ ಅದಕ್ಕೆ ಈಗ ಲೋಕವೆಲ್ಲ ಹೆಸರು.

ನಾವು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕಿನ ಗೆಳೆಯರು ಸೇರಿಕೊಂಡು ನೀರು ತುಂಬಿದ ಕಾಲದಲ್ಲಿ ತೆಪ್ಪ ಹತ್ತಿ ಅಲ್ಲಿಗೆ ಹೋದೆವು. ಗಾಳಿ ಇರಲಿಲ್ಲ. ಚರ್ಚಿನ ಗೋಡೆಯ ಮರೆಯಲ್ಲಿ ನೀರು ಕೆರೆಯ ನೀರಿನ ಹಾಗೆ ಅಲುಗದೆ ನಿಂತಿತ್ತು. ತೆಪ್ಪದವನು ಹುಟ್ಟು ನಿಲ್ಲಿಸಿ, "ನೋಡ್ಕಳಿ, ಫೋಟೋ ತಕ್ಕಳಿ" ಅಂದ.

"ಅಣ್ಣಾ, ಊರು ಇದ್ದದ್ದು ಎಲ್ಲಿ?"

"ಇಲ್ಲೇ ಕಣ್ರಪ್ಪ, ನೀರಡೀಲಿ."

"ಕೇರಿ?"

ಅವನು ನಮ್ಮ ಮುಖ ನೋಡಿದ. ಆಮೇಲೆ ಕೈಯನ್ನು ನೀರಿನ ಮೇಲೆ ಸುಮ್ಮನೆ ಒಂದು ಸುತ್ತು ಆಡಿಸಿ, "ಅದೆಲ್ಲಿತ್ತೋ, ಯಾರಿಗ್ ಗೊತ್ತು" ಅಂದ.

ತಪ್ಪು ಅವನದಲ್ಲ. ಅವನಿಗೆ ತೋರಿಸುವುದಕ್ಕೆ ಒಂದು ಗೋಡೆ ಇತ್ತು, ತೋರಿಸಿದ. ಕೇರಿಗೆ ಗೋಡೆ ಇಲ್ಲ. ಈ ಬರಹ ಆ ಸುತ್ತಾಡಿದ ಕೈಯ ಬಗ್ಗೆ.

ಮೊದಲು ಕಾಣುವುದರ ಕತೆ ಹೇಳಿಬಿಡೋಣ. ಈ ರೋಸರಿ ಚರ್ಚನ್ನು ಕಟ್ಟಿಸಿದವರು ಫ್ರೆಂಚ್ ಪಾದ್ರಿಗಳು, ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದ ಸುಮಾರಿಗೆ. ಅಬ್ಬೆ ದುಬೊಯ್ ಕಟ್ಟಿಸಿದ್ದು ಅಂತ ಬರೆಯುವವರೂ ಇದ್ದಾರೆ. ಅದು ಆಗದ ಮಾತು. ದುಬೊಯ್ 1823ರಲ್ಲಿಯೇ ಇಂಡಿಯಾ ಬಿಟ್ಟು ಫ್ರಾನ್ಸಿಗೆ ಹೊರಟುಹೋದ, 1848ರಲ್ಲಿ ಸತ್ತ. ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದು ನೀರು ನಿಂತ ಮೇಲೆ ಪ್ರಾರ್ಥನೆಯೂ ನಿಂತಿತು. ಅಂದಿನಿಂದ ವರ್ಷ ವರ್ಷ ಮುಳುಗಿ ವರ್ಷ ವರ್ಷ ಎದ್ದು, ಇತ್ತೀಚಿನ ಮಳೆಗಳಲ್ಲಿ ಒಂದಷ್ಟು ಭಾಗ ಕುಸಿದೂ ಹೋಗಿದೆ. ಅಲ್ಲಿ ಮೊಣಕಾಲೂರಿ ಬೇಡಿಕೊಂಡವರ ದುಃಖ ನಮಗೆ ಅರ್ಥವಾಗುತ್ತದೆ. ಅವರದೂ ಮನೆ ಹೋಯಿತು, ಹೊಲ ಹೋಯಿತು, ಸಮಾಧಿ ಹೋಯಿತು. ನಮ್ಮ ಜಗಳ ಅವರ ಜೊತೆ ಅಲ್ಲ.

ಇಂಥ ಬಿಟ್ಟುಹೋದ ಜಾಗಗಳು ಲೋಕದಲ್ಲಿ ಇನ್ನೂ ಇವೆ. ತುರ್ಕಿಯ ನೈಋತ್ಯ ಕರಾವಳಿಯಲ್ಲಿ ಫೆತಿಯೆ ಅನ್ನುವ ಪಟ್ಟಣದ ಹತ್ತಿರ ಕಾಯಾಕೊಯ್ ಎಂಬ ಊರಿದೆ. ಗ್ರೀಕರ ಬಾಯಲ್ಲಿ ಅದು ಲೆವಿಸ್ಸಿ. ಅದರಾಚೆಯ ನಿಶ್ಶಬ್ದವಾದ ಕೊಲ್ಲಿಯಲ್ಲಿ ಹಾಯಿ ದೋಣಿಯವರು ಲಂಗರು ಹಾಕಿ, ಗುಡ್ಡ ಹತ್ತಿ ಆ ಊರು ನೋಡಿ ಬರುತ್ತಾರೆ. ನೂರಾರು ಕಲ್ಲಿನ ಮನೆಗಳು, ಒಂದಕ್ಕೂ ಸೂರಿಲ್ಲ. ಮೊದಲ ಮಹಾಯುದ್ಧ, ಅದರ ಬೆನ್ನಿಗೆ ಗ್ರೀಕ್–ತುರ್ಕಿ ಯುದ್ಧ ನಡೆದು, 1923ರ ಜನವರಿ 30ರಂದು ಲೊಸಾನ್ ನಗರದಲ್ಲಿ ಎರಡೂ ಸರ್ಕಾರಗಳು ಕಾಗದಕ್ಕೆ ಸಹಿ ಹಾಕಿದವು: ತುರ್ಕಿಯ ಗ್ರೀಕ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನ ಮುಸಲ್ಮಾನರು ತುರ್ಕಿಗೆ. ಸುಮಾರು ಹನ್ನೆರಡು ಲಕ್ಷ ಕ್ರೈಸ್ತರು, ಮೂರೂವರೆ ಲಕ್ಷಕ್ಕೂ ಮಿಕ್ಕಿ ಮುಸಲ್ಮಾನರು ಹೀಗೆ ಬೇರು ಕಿತ್ತುಕೊಂಡರು. ಯಾರನ್ನೂ 'ಹೋಗುತ್ತೀಯಾ' ಅಂತ ಕೇಳಲಿಲ್ಲ.

ಆದರೆ ಒಂದು ಮಾತು ಗಮನಿಸಿ. ಆ ಗ್ರೀಕರ ಕಲ್ಲಿನ ಗೋಡೆಗಳು ನಿಂತಿವೆ. ಫೆತಿಯೆಯ ಹಳೆಯ ಹೆಸರು ಮಾಕ್ರಿ. ಅಲ್ಲಿಂದ ಹೋದವರು ಅಥೆನ್ಸಿನ ಹತ್ತಿರ ನೆಲೆ ನಿಂತು ತಮ್ಮ ಹೊಸ ಊರಿಗೆ ನೆಯಾ ಮಾಕ್ರಿ, ಅಂದರೆ ಹೊಸ ಮಾಕ್ರಿ ಅಂತ ಹೆಸರಿಟ್ಟುಕೊಂಡರು. ಊರು ಕಳಕೊಂಡರೂ ಊರಿನ ಹೆಸರನ್ನು ಹೊತ್ತುಕೊಂಡು ಹೋದರು.

ನಮ್ಮ ಕಡೆಯೂ ಹೀಗೆ ಹೊತ್ತುಕೊಂಡು ಹೋದದ್ದು ಉಂಟು. ಕೃಷ್ಣರಾಜಸಾಗರ ಕಟ್ಟಿದಾಗ ಕನ್ನಂಬಾಡಿ ಮುಳುಗಿತು. ಅದರ ವೇಣುಗೋಪಾಲಸ್ವಾಮಿಯ ಗುಡಿಯನ್ನು ಎಷ್ಟೋ ದಶಕಗಳಾದ ಮೇಲೆ ಒಂದೊಂದೇ ಕಲ್ಲು ಬಿಚ್ಚಿ ತಂದು ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ದೇವರಿಗೆ ಪುನರ್ವಸತಿ ಆಯಿತು. ಒಳ್ಳೆಯದು. ಆದರೆ ಆ ಗುಡಿಯ ಒಳಕ್ಕೆ ಎಂದೂ ಕಾಲಿಡಲಾಗದವರು ಕನ್ನಂಬಾಡಿಯಲ್ಲೂ ಇದ್ದರಲ್ಲ, ಅವರ ಗುಡಿಸಲಿನ ಗಳುವನ್ನು ಬಿಚ್ಚಿ ತಂದವರು ಯಾರು?

ಚರಿತ್ರೆ ಅಂದರೆ ಕಲ್ಲು ಅಂತ ನಮಗೆ ಕಲಿಸಿದ್ದಾರೆ. ಹಾಸನ ಜಿಲ್ಲೆಯವರಿಗಂತೂ ಕಲ್ಲೇ ಉಸಿರು. ಕನ್ನಡದ ತೀರಾ ಹಳೆಯ ಶಾಸನಗಳಲ್ಲಿ ಒಂದು ಹಲ್ಮಿಡಿಯದು, ನಮ್ಮ ಬೇಲೂರು ತಾಲ್ಲೂಕಿನದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಐನೂರಕ್ಕೂ ಹೆಚ್ಚು ಶಾಸನಗಳಿವೆ. ರೈಸ್ ಸಾಹೇಬರು ಹಾಸನ ಜಿಲ್ಲೆಯ ಶಾಸನಗಳಿಗೇ ಒಂದು ದಪ್ಪ ಸಂಪುಟ ಮಾಡಿ 1902ರಲ್ಲಿ ಅಚ್ಚು ಹಾಕಿಸಿದರು. ರಾಜ ದಾನ ಕೊಟ್ಟದ್ದು ಕಲ್ಲಿನಲ್ಲಿದೆ, ಬ್ರಾಹ್ಮಣ ದಾನ ಪಡೆದದ್ದು ಕಲ್ಲಿನಲ್ಲಿದೆ. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ. ಕೆರೆಗೆ ಮಣ್ಣು ಹೊತ್ತವಳ ಹೆಸರನ್ನು ಹುಡುಕಿ ನೋಡಿ.

ನಮ್ಮ ಮನೆಗಳು ಮಣ್ಣಿನವು, ಹುಲ್ಲಿನವು, ಸೋಗೆಯವು. ಮಣ್ಣಿನ ಗೋಡೆ ನೀರಿಗೆ ಸಿಕ್ಕರೆ ಎಷ್ಟು ಹೊತ್ತು ನಿಂತೀತು? ಚರ್ಚು ನಾಲ್ಕು ದಶಕಕ್ಕೂ ಮೀರಿ ಮುಳುಗೆದ್ದು ನಿಂತಿದೆ. ಕೇರಿ ಮೊದಲನೆಯ ಮಳೆಗಾಲಕ್ಕೇ ಕರಗಿಹೋಯಿತು. ಅದಕ್ಕೇ ಅಲ್ಲಿಗೆ ಯಾರೂ ತೆಪ್ಪ ನಿಲ್ಲಿಸುವುದಿಲ್ಲ.

ಹಾಗಾದರೆ ಕೇರಿಗೆ ಚರಿತ್ರೆಯೇ ಇರಲಿಲ್ಲವೆ? ಇತ್ತು. ಅದು ಕಲ್ಲಿನ ಮೇಲೆ ಇರಲಿಲ್ಲ, ಕುಳವಾಡಿಯ ಕಾಲಿನಲ್ಲಿತ್ತು.

ಕ್ಯಾಪ್ಟನ್ ಮೆಕೆಂಜಿ ಅನ್ನುವ ಇಂಗ್ಲಿಷ್ ಅಧಿಕಾರಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ 1873ರಲ್ಲಿ ನಮ್ಮ ಮೈಸೂರು ಸೀಮೆಯ ಹೊಲೆಯರ ಬಗ್ಗೆ ಬರೆದ. ಊರಿದ್ದಲ್ಲಿ ಹೊಲಗೇರಿ ಇದ್ದೇ ಇರುತ್ತದೆ ಎಂಬ ಗಾದೆಯನ್ನು ಹೇಳಿ, ಆತ ಒಂದು ಪದ್ಧತಿಯನ್ನು ದಾಖಲಿಸುತ್ತಾನೆ. ಎರಡು ಊರಿನ ನಡುವೆ ಗಡಿಯ ವ್ಯಾಜ್ಯ ಬಂತೆನ್ನಿ. ಗೌಡನ ಮಾತು ನಡೆಯುವುದಿಲ್ಲ, ಶ್ಯಾನುಭೋಗನ ಕಡತ ನಡೆಯುವುದಿಲ್ಲ. ಕುಳವಾಡಿಯನ್ನು ಕರೆಯುತ್ತಾರೆ. ಆತ ಜಾತಿಯಿಂದ ಹೊಲೆಯ. ಊರಿನ ಮಣ್ಣಿನ ಉಂಡೆಯೊಂದನ್ನು ಅವನ ತಲೆಯ ಮೇಲಿಡುತ್ತಾರೆ. ಅವನು ನಡೆಯುತ್ತಾನೆ. ನಡೆದದ್ದೇ ಗಡಿ. ಸರಿಯಾದ ಗಡಿಯ ಮೇಲೆ ನಡೆದರೆ ಉಂಡೆ ಹಾಗೇ ಉಳಿಯುತ್ತದೆ. ಹೆಜ್ಜೆ ತಪ್ಪಿತೋ, ಉಂಡೆ ತಾನಾಗಿ ಒಡೆಯುತ್ತದೆ, ಅವನಿಗೂ ಅವನ ಮನೆಗೂ ಕೇಡು ಎಂಬ ನಂಬಿಕೆ. ಊರಿನ ನಿಜವಾದ ಒಡೆಯ ಕುಳವಾಡಿಯೇ ಇದ್ದಿರಬೇಕು ಎಂಬ ಅನುಮಾನ ಆ ಬಿಳಿಯನಿಗೂ ಬಂದಿತ್ತು.

ನೋಡಿ ಈ ವ್ಯವಸ್ಥೆಯ ಚಂದ! ಊರಿನ ಎಲ್ಲೆ ಗೊತ್ತಿದ್ದವನು ಊರಿನ ಒಳಗೆ ಬರುವ ಹಾಗಿಲ್ಲ. ನೆಲಕ್ಕೆ ಸಾಕ್ಷಿ ಹೇಳುವವನಿಗೆ ನೆಲವಿಲ್ಲ. ನೀರಗಂಟಿಯ ಪಾಡೂ ಅದೇ. ಕೆರೆಯ ತೂಬು ಎತ್ತುವವನು ಅವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅಳೆದು ಬಿಡುವವನು ಅವನು. ನಮ್ಮ ಕಡೆ ಈ ಕೆಲಸ ಹೆಚ್ಚಾಗಿ ನಮ್ಮವರ ಹೆಗಲ ಮೇಲೇ ಇತ್ತು. ಆದರೆ ಊರ ಬಾವಿಯಲ್ಲಿ ಬಿಂದಿಗೆ ಇಳಿಸುವ ಹಾಗಿಲ್ಲ. ನೀರಿನ ಲೆಕ್ಕ ನಮ್ಮದು, ನೀರು ಅವರದು. 1961ರ ಕಾಯಿದೆ ಬಂದು ತೋಟಿ, ತಳವಾರ, ನೀರಗಂಟಿ ಎಂಬ ವಂಶಪಾರಂಪರ್ಯದ ಹುದ್ದೆಗಳನ್ನು ತೆಗೆದುಹಾಕಿತು. ಬಿಟ್ಟಿ ಚಾಕರಿ ಹೋಗಬೇಕಾದದ್ದೇ. ಆದರೆ ಆ ಚಾಕರಿಗೆ ಅಂತ ಕೊಟ್ಟಿದ್ದ ತುಂಡು ಇನಾಂ ನೆಲ ಎಷ್ಟು ಕೇರಿಯ ಕೈಯಲ್ಲಿ ಉಳಿಯಿತು, ಎಷ್ಟು ಗೌಡರ ಗದ್ದೆಗೆ ಸೇರಿಕೊಂಡಿತು ಎಂಬುದನ್ನು ಪ್ರತಿ ಊರಿನಲ್ಲೂ ಕೇಳಬೇಕು. ಸರ್ಕಾರ ಮಂಜೂರು ಮಾಡಿದ ನೆಲ ಕೈಬಿಟ್ಟು ಹೋಗುವುದನ್ನು ತಡೆಯಲಿಕ್ಕೇ 1978ರಲ್ಲಿ ಪರಿಶಿಷ್ಟರ ಭೂಮಿ ಪರಭಾರೆ ನಿಷೇಧದ ಕಾಯಿದೆ ತರಬೇಕಾಯಿತು.

ಈಗ ಅಣೆಕಟ್ಟಿನ ಮಾತಿಗೆ ಬರೋಣ.

ಮದ್ರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ ಕಾವೇರಿಗಾಗಿ 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು ಒಪ್ಪಂದವಾಯಿತು. ಎರಡನೆಯದರ ಐವತ್ತು ವರ್ಷ 1974ಕ್ಕೆ ಮುಗಿಯಿತು. ಅದಕ್ಕೂ ಮೊದಲೇ ಕರ್ನಾಟಕ ಕಾವೇರಿಯ ಉಪನದಿಗಳಿಗೆ ಅಣೆ ಹಾಕಲು ಹೊರಟಿತ್ತು: ಹಾರಂಗಿ, ಕಬಿನಿ, ಸುವರ್ಣಾವತಿ, ಹೇಮಾವತಿ. ಯೋಜನಾ ಆಯೋಗದ ಒಪ್ಪಿಗೆ ಸಿಗಲಿಲ್ಲ. ರಾಜ್ಯ ತನ್ನದೇ ದುಡ್ಡಿನಲ್ಲಿ ಕಟ್ಟಿತು. ಗೊರೂರಿನಲ್ಲಿ 1968ರಲ್ಲಿ ಶುರುವಾದ ಕೆಲಸ 1979ರಲ್ಲಿ ಮುಗಿಯಿತು. ಕಟ್ಟೆಯ ಉದ್ದ 4,692 ಮೀಟರು. ಹಿಡಿಯುವ ನೀರು 37 ಟಿಎಂಸಿಗೆ ಸ್ವಲ್ಪ ಮೇಲೆ. ಜಲಾಶಯದ ಹರವು ಸುಮಾರು 8,500 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಇಪ್ಪತ್ತೊಂದು ಸಾವಿರ ಎಕರೆ. ತುಂಬಿದಾಗಿನ ಮಟ್ಟ ಸಮುದ್ರದಿಂದ 2,922 ಅಡಿ.

ಈ 2,922 ಎಂಬ ಸಂಖ್ಯೆಯೇ ಹೊಸ ಗಡಿ. ಇಂಜಿನಿಯರು ನಕ್ಷೆಯ ಮೇಲೆ ಪೆನ್ಸಿಲಿನಿಂದ ಎಳೆದದ್ದು. ಆ ಗೆರೆಯ ಕೆಳಗೆ ಇರುವುದೆಲ್ಲ ನೀರಿಗೆ, ಮೇಲಿರುವುದು ಮನುಷ್ಯರಿಗೆ. ಯಾವ ಕುಳವಾಡಿಯ ತಲೆ ಮೇಲೂ ಮಣ್ಣಿನ ಉಂಡೆ ಇಡಲಿಲ್ಲ. ಗೆರೆಗೆ ಜಾತಿ ಇಲ್ಲ, ಗೌಡನ ತೊಟ್ಟಿಮನೆಯನ್ನೂ ಮುಳುಗಿಸಿತು, ನಮ್ಮ ಗುಡಿಸಲನ್ನೂ ಮುಳುಗಿಸಿತು ಅಂತ ಹೇಳುವವರಿದ್ದಾರೆ. ನಿಜ, ನೀರಿಗೆ ಜಾತಿ ಇಲ್ಲ. ಆದರೆ ಪರಿಹಾರಕ್ಕೆ ಜಾತಿ ಇದೆ.

ಹೇಗೆ ಅಂತ ಕೇಳಿ. ಆಗ ಇದ್ದದ್ದು ಬ್ರಿಟಿಷರ 1894ರ ಭೂಸ್ವಾಧೀನ ಕಾಯಿದೆ. ಅದು ಬೆಲೆ ಕಟ್ಟುವುದು ಭೂಮಿಗೆ, ಮರಕ್ಕೆ, ಕಟ್ಟಡಕ್ಕೆ. ಪಹಣಿಯಲ್ಲಿ ಹೆಸರಿದ್ದವನಿಗೆ ದುಡ್ಡು. ತೆಂಗಿನ ಮರಕ್ಕೆ ದುಡ್ಡು, ಹೆಂಚಿನ ಮನೆಗೆ ದುಡ್ಡು. ಆ ತೆಂಗಿನ ಮರಕ್ಕೆ ಇಪ್ಪತ್ತು ವರ್ಷ ನೀರು ಹೊತ್ತು ಹಾಕಿದವನಿಗೆ? ಮರಕ್ಕೆ ಬೇರಿದೆ, ಲೆಕ್ಕ ಸಿಗುತ್ತದೆ. ಆಳಿಗೆ ಬೇರಿದೆ ಅಂತ ಆ ಕಾಯಿದೆಗೆ ಗೊತ್ತಿರಲಿಲ್ಲ. ಸುಗ್ಗಿಯ ಆಯ, ಕಣದ ಕಾಳು, ಹೊಳೆದಂಡೆಯ ಸೊಪ್ಪು, ಮೀನು, ಗೋಮಾಳದ ಮೇವು, ಹಬ್ಬದ ತಮಟೆಯ ಕಾಸು, ಇವುಗಳ ಮೇಲೆ ಕೇರಿ ಬದುಕಿತ್ತು. ಇವಕ್ಕೆ ಯಾವ ಸರ್ವೆ ನಂಬರು?

ಅದೇ ಕಾಲದಲ್ಲಿ ದೇವರಾಜ ಅರಸರ ಸರ್ಕಾರ 1974ರ ಭೂಸುಧಾರಣೆ ತಿದ್ದುಪಡಿ ತಂದಿತ್ತು. ಗೇಣಿದಾರರು ಏಳನೇ ನಂಬರಿನ ಫಾರಂ ಹಾಕಿ ಉಳುವ ಹೊಲದ ಒಡೆಯರಾಗಬಹುದಿತ್ತು. ಕೊನೆಯ ತಾರೀಖು 1979ರ ಜೂನ್ 30. ಅಣೆಕಟ್ಟು ಮುಗಿದದ್ದೂ ಅದೇ ವರ್ಷ. ಗೇಣಿ ಚೀಟಿ ಇದ್ದವರು ಫಾರಂ ಹಾಕಿದರು. ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರೂ ಆಗಿರಲಿಲ್ಲ. ಕೂಲಿ, ಜೀತ. ಜೀತದಾಳಿಗೆ ಎಷ್ಟನೇ ನಂಬರಿನ ಫಾರಂ ಸ್ವಾಮಿ?

ಭೂಮಿ ಇಲ್ಲದ ಕೂಲಿಕಾರನೂ ಯೋಜನೆಯಿಂದ ನೊಂದವನೇ ಅಂತ ಈ ದೇಶದ ಕಾನೂನು ಬರೆದುಕೊಂಡದ್ದು 2013ರಲ್ಲಿ. ಜಾರಿಗೆ ಬಂದದ್ದು 2014ರ ಜನವರಿ 1ರಂದು. ಅಷ್ಟು ಹೊತ್ತಿಗೆ ಹೇಮಾವತಿ ಕಟ್ಟೆಗೆ ಮೂವತ್ತೈದು ವರ್ಷ ಆಗಿತ್ತು. ಇನ್ನು ಮುಳುಗಡೆಯಾದವರಿಗೆಂದು ಮೀಸಲಿಟ್ಟ ಜಮೀನನ್ನು ಮುಳುಗಡೆಯನ್ನೇ ಕಾಣದವರು ಸುಳ್ಳು ಕಾಗದದ ಮೇಲೆ ಮಂಜೂರು ಮಾಡಿಸಿಕೊಂಡರು ಎಂಬ ದೂರುಗಳು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಬಂದಿವೆ. ಮುಳುಗದವರು ದಡ ಸೇರಿದರು, ಮುಳುಗಿದವರು ಇನ್ನೂ ಕಚೇರಿ ಮೆಟ್ಟಿಲ ಮೇಲೆ.

ಕಟ್ಟೆಯ ಮೇಲಿನ ಕತೆ ಇದಾದರೆ ಕೆಳಗಿನ ಕತೆ ಕಾಲುವೆಯದು. ಎಡದಂಡೆ ಕಾಲುವೆ ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಹೋಗಿ, ಬಾಗೂರು–ನವಿಲೆಯ ಹತ್ತಿರ ಒಂಬತ್ತು ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ನುಗ್ಗಿ ತುಮಕೂರಿನ ಸೀಮೆಗೆ ನೀರು ಒಯ್ಯುತ್ತದೆ. ಬಲದಂಡೆ ಮತ್ತು ಬಲಮೇಲ್ದಂಡೆ ಕಾಲುವೆಗಳು ಅರಕಲಗೂಡು, ಹೊಳೆನರಸೀಪುರದ ಹೊಲಗಳಿಗೆ. ರಾಗಿ ಬೆಳೆಯುತ್ತಿದ್ದ ಹೊಲ ಭತ್ತ ಕಂಡಿತು, ಕಬ್ಬು ಕಂಡಿತು. ಇದು ಸುಳ್ಳಲ್ಲ. ಸುರಂಗ ಕೊರೆದ ಜಾಗದ ರೈತರು ಬಾವಿ ಬತ್ತಿತು, ಮನೆ ಬಿರುಕು ಬಿಟ್ಟಿತು, ಪರಿಹಾರ ಕೊಡಿ ಅಂತ ವರ್ಷಗಟ್ಟಲೆ ಕೂಗಿದ್ದೂ ಸುಳ್ಳಲ್ಲ. ಆದರೆ ಕಾಲುವೆ ನೀರು ಹರಿಯುವುದು ಹೊಲ ಇದ್ದವನ ಹೊಲಕ್ಕೆ. ಹೊಲವಿಲ್ಲದವನಿಗೆ ಅದು ನಾಟಿ ಕೂಲಿಯಾಗಿ, ಕೊಯ್ಲು ಕೂಲಿಯಾಗಿ ಮಾತ್ರ ತಲುಪುತ್ತದೆ. ನಮ್ಮ ಹೆಣ್ಣುಮಕ್ಕಳ ಸೊಂಟದ ನೋವಾಗಿ ತಲುಪುತ್ತದೆ.

ಹಾಗಂತ ನಾವು ಅಣೆಕಟ್ಟಿನ ವಿರೋಧಿಗಳಲ್ಲ. ಹಳ್ಳಿ ಸ್ವರ್ಗವಾಗಿತ್ತು, ಅಣೆಕಟ್ಟು ಬಂದು ಕೆಡಿಸಿತು ಅಂತ ಅಳುವವರ ಜೊತೆ ನಾವು ಅಳಲಾರೆವು. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಸದಸ್ಯರಾಗಿದ್ದಾಗ ದಾಮೋದರ ಕಣಿವೆಯಂಥ ವಿವಿಧೋದ್ದೇಶ ಯೋಜನೆಗಳ ಬುನಾದಿ ಹಾಕಿದವರಲ್ಲಿ ಒಬ್ಬರು. ನೀರನ್ನು ಕಟ್ಟಿ ವಿದ್ಯುತ್ತು, ನೀರಾವರಿ, ಕೈಗಾರಿಕೆ ಮಾಡಿದರೆ ಬಡವ ಹಳ್ಳಿಯ ಹಂಗಿನಿಂದ ಬಿಡಿಸಿಕೊಳ್ಳುತ್ತಾನೆ ಎಂಬುದು ಅವರ ನಿಲುವು. ಅದೇ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಈ ಎರಡನ್ನೂ ಒಟ್ಟಿಗೆ ಹಿಡಿದು ಓದಬೇಕು. ನೀರು ಕಟ್ಟಬೇಕು; ಕಟ್ಟಿದ ನೀರಿನಲ್ಲಿ ನಮ್ಮ ಪಾಲೆಷ್ಟು ಅಂತ ಕೇಳಲೂಬೇಕು.

ಈ ದಂಡೆಯ ಸಾಹಿತ್ಯದ ಮಾತನ್ನೂ ಆಡಬೇಕು. ಗೊರೂರು ರಾಮಸ್ವಾಮಿ ಅಯ್ಯಂಗಾರರು (1904–1991) ಇದೇ ಹೊಳೆಯ ಮಗ. ಹೇಮಾವತಿಯನ್ನು ಕನ್ನಡದ ಓದುಗರ ಮನೆಬಾಗಿಲಿಗೆ ತಂದವರು. ಅವರ ಗದ್ಯವನ್ನು ನಾವೂ ನಕ್ಕು ನಕ್ಕು ಓದಿದ್ದೇವೆ. ಆದರೆ ಅದು ಜಗುಲಿಯ ಮೇಲೆ ಕೂತು ನೋಡಿದ ಹೊಳೆ. ಹೊಳೆಯ ಕೆಳಗಿನ ಮಡುವಿನಲ್ಲಿ, ಎಲ್ಲರೂ ಮಿಂದು ಬಿಟ್ಟ ನೀರಿನಲ್ಲಿ ಮೀಯುತ್ತಿದ್ದವರು ಬರೆದ ಹೇಮಾವತಿ ಇನ್ನೂ ಬರಬೇಕಾಗಿದೆ. ಕಟ್ಟೆ ಮುಗಿದ 1979ರಲ್ಲಿಯೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಗೋಷ್ಠಿ ಇಲ್ಲ ಅಂದದ್ದಕ್ಕೆ ಎದ್ದ ಸಿಟ್ಟು ಅದು. ಒಂದು ಕಡೆ ನಮ್ಮ ಕೇರಿ ಮುಳುಗುತ್ತಿತ್ತು, ಇನ್ನೊಂದು ಕಡೆ ನಮ್ಮ ಬಾಯಿ ಬಿಡುತ್ತಿತ್ತು. ಆದರೂ ಮುಳುಗಿದ ಕೇರಿಯ ಬಗ್ಗೆ ನಾವೇ ಎಷ್ಟು ಬರೆದೆವು? ಈ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಹಾಕಿಕೊಳ್ಳಬೇಕು.

ಕಾವೇರಿಯ ಹೆಸರಿನಲ್ಲಿ ಎಷ್ಟು ಕಾಗದ ಖರ್ಚಾಯಿತು! 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು. ಟಿಎಂಸಿಯ ಪಾಯಿಂಟಿನ ಮುಂದಿನ ಅಂಕೆಗೂ ಎರಡು ರಾಜ್ಯ ಬಡಿದಾಡಿದವು. ಹೇಮಾವತಿಯ ಪ್ರತಿ ಹನಿಗೂ ಲೆಕ್ಕವಿದೆ. ಹನಿಯ ಕೆಳಗೆ ಮಲಗಿದ ಕೇರಿಗಳಿಗೆ ಲೆಕ್ಕವಿಲ್ಲ.

ಮುಳುಗಿದ್ದು ಕೇರಿ ಮಾತ್ರ, ಊರು–ಕೇರಿಯ ನಡುವಿನ ಗೆರೆ ಮುಳುಗಲಿಲ್ಲ. ದಡದ ಮೇಲೆ ಹೊಸ ಊರು ಕಟ್ಟಿದಾಗ ಆ ಗೆರೆಯನ್ನೂ ಹೊತ್ತು ತಂದು ಹಾಕಿದರು. ಹಳೆಯ ಊರಿನ ಹೆಸರಿನ ಹಿಂದೆ ಒಂದು 'ಹೊಸ' ಸೇರಿಸಿಕೊಂಡು ಊರು ಉಳಿಯಿತು. ಕೇರಿಗೆ ಸಿಕ್ಕದ್ದು 'ಕಾಲೋನಿ' ಅನ್ನುವ, ಕರ್ನಾಟಕದ ಯಾವ ಕೇರಿಗೆ ಬೇಕಾದರೂ ಅಂಟಿಸಬಹುದಾದ ಒಂದು ಹೆಸರು. ಅದು ಹಳೆಯ ಕಾಲದ ಮಾತು ಅನ್ನುವವರು 2015ಕ್ಕೆ ಬನ್ನಿ. ಹೇಮಾವತಿಯ ನೀರು ಕುಡಿಯುವ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರನ ಗುಡಿಯೊಳಕ್ಕೆ ಹೋದರು ಅಂತ ಅವರಿಗೆ ದಂಡ ಹಾಕಿದರು. ಬಸವಣ್ಣನ ಹೆಸರಿನ ಗುಡಿ!

ತೆಪ್ಪದಿಂದ ಇಳಿದು ನಾವು ದಡದಲ್ಲಿ ಬಹಳ ಹೊತ್ತು ಕೂತೆವು. ಬೈದು ಬರೆದರೆ ಸಾಲದು, ಏನಾದರೂ ಮಾಡಬೇಕು ಅನ್ನಿಸಿತು. ಮಾಡಬೇಕಾದ್ದು ಕಷ್ಟದ್ದೇನಲ್ಲ. 1979ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದವಳು ಈಗ ಐವತ್ತೈದು ದಾಟಿದ ಅಜ್ಜಿ. ಅವಳ ಅವ್ವ ಬದುಕಿದ್ದರೆ ಎಂಬತ್ತರ ಮೇಲೆ. ಇನ್ನು ಹತ್ತು ವರ್ಷ ಸುಮ್ಮನಿದ್ದರೆ ಆ ಕೇರಿ ಎಲ್ಲಿತ್ತು ಅಂತ ಹೇಳುವ ಬಾಯಿಯೇ ಇರುವುದಿಲ್ಲ. ಆಗ ಅದು ನಿಜವಾಗಿ ಮುಳುಗಿದ ಹಾಗೆ.

ಆದ್ದರಿಂದ ಗೆಳೆಯರೇ, ಹಾಸನ, ಆಲೂರು, ಅರಕಲಗೂಡಿನ ಕಡೆಯ ಮುಳುಗಡೆ ಕಾಲೋನಿಗಳಿಗೆ ಹೋಗಿ. ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ. ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ: ಅಜ್ಜಿ, ನಿಮ್ಮ ಕೇರಿ ಊರಿನ ಯಾವ ದಿಕ್ಕಿಗಿತ್ತು? ಎಷ್ಟು ಒಲೆ? ಮಾರಮ್ಮನ ಕಲ್ಲು ಎಲ್ಲಿತ್ತು? ನೀರು ಎಲ್ಲಿಂದ ತರುತ್ತಿದ್ರಿ? ಸತ್ತವರನ್ನು ಎಲ್ಲಿ ಹೂಳುತ್ತಿದ್ರಿ? ಎದ್ದು ಬಂದ ದಿನ ತಲೆ ಮೇಲೆ ಏನು ಹೊತ್ತುಕೊಂಡಿದ್ರಿ? ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ. ತಾಲ್ಲೂಕು ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಹಳೆಯ ಗ್ರಾಮನಕ್ಷೆ ತೆಗೆಸಿ, ಅಜ್ಜಿ ಹೇಳಿದ ಜಾಗವನ್ನು ಅದರ ಮೇಲೆ ಗುರುತು ಮಾಡಿ. ಯಾರಿಗೆ ಪರಿಹಾರ ಬಂತು, ಯಾರಿಗೆ ಬರಲಿಲ್ಲ ಎಂಬ ಪಟ್ಟಿ ಕೇಳಿ. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಆ ಅಜ್ಜಿಯರನ್ನೇ ಕರೆದುಕೊಂಡು ಹೋಗೋಣ. ಅವರು ನಡೆಯಲಿ, ನಾವು ಹಿಂದೆ ನಡೆಯೋಣ. ಅವರು ನಿಂತಲ್ಲಿ ಒಂದೊಂದು ಕಲ್ಲು ನೆಡೋಣ.

ಮತ್ತೆ ಮಳೆ ಬರುತ್ತದೆ, ಕಲ್ಲು ಮುಳುಗುತ್ತದೆ. ಮುಳುಗಲಿ. ಮುಂದಿನ ಬೇಸಿಗೆಗೆ ಏಳುತ್ತದೆ. ಬರೆದದ್ದನ್ನು ಈ ಪತ್ರಿಕೆಗೆ ಕಳಿಸಿ, ಒಂದೊಂದು ಕೇರಿಗೆ ಒಂದೊಂದು ಪುಟದಂತೆ ಅಚ್ಚು ಹಾಕೋಣ.